ಬಿಲ್ಲಿಲ್ಲದ ಬಾಟಲಿ, ಕಾಯದೆ ಕಿತ್ತ ಬದನೆ: ಹೊಲದ ಔಷಧಿಗೆ ಕಾನೂನಿನ ಕಾವಲು ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಮೂರು ಎಕರೆ ಮೆಕ್ಕೆಜೋಳ, ಬೋರ್‌ವೆಲ್ ನೀರಿನಲ್ಲಿ ಮುಕ್ಕಾಲು ಎಕರೆ ಟೊಮೆಟೊ, ಬದನೆ. ತರಕಾರಿ ದಾವಣಗೆರೆ ಮಾರ್ಕೆಟ್ಟಿಗೆ ಹೋಗುತ್ತದೆ, ಮನೆಗೂ ಅದೇ. ಔಷಧಿ ಅಂಗಡಿಯಲ್ಲಿ ಬಿಲ್ ಕೇಳಿದರೆ ‘ಬಿಲ್ ಬೇಕಂದ್ರೆ ರೇಟು ಜಾಸ್ತಿ ಆಗ್ತದೆ’ ಅನ್ನುತ್ತಾರೆ. ಕಳೆದ ವಾರ ‘ಹೊಸ ಬಯೋ, ಎಲ್ಲಾ ಹುಳಕ್ಕೂ ಆಗ್ತದೆ, ಒಂದು ತಾಸಿನಲ್ಲಿ ಉದುರ್ತವೆ’ ಎಂದು ಒಂದು ಬಾಟಲಿ, ಜೊತೆಗೆ ಮೊನೊಕ್ರೊಟೊಫಾಸ್ ಕೊಟ್ಟರು. ಎರಡೂ ಕೂಡಿಸಿ ಮೆಕ್ಕೆಜೋಳಕ್ಕೆ ಹೊಡೆದ ಸಂಜೆ ನಮ್ಮ ಯಜಮಾನರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜು. ಬಿಸಿಲಿಗೆ ಆಗಿದ್ದು ಎಂದು ಮಜ್ಜಿಗೆ ಕುಡಿದು ಮಲಗಿದರು, ಮರುದಿನ ಎದ್ದರು. ಯಾವ ಔಷಧಿ ನಿಷೇಧ ಆಗಿದೆ ಎಂದು ತಿಳಿಯುವುದು ಹೇಗೆ? ಯಾರಿಗೆ ದೂರು ಕೊಡಬೇಕು? ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು? ತೊಳೆದರೆ ವಿಷ ಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಯಜಮಾನರ ವಿಷಯ. ಅವರು ಎದ್ದು ಓಡಾಡುತ್ತಿದ್ದಾರೆ ಎಂದು ಇದನ್ನು ಬಿಡಬೇಡಿ. ಮೊನೊಕ್ರೊಟೊಫಾಸ್ ಆರ್ಗನೋಫಾಸ್ಫೇಟ್ ಗುಂಪಿನ ವಿಷ. ನರಗಳ ಸಂದೇಶವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಆಗ ಗ್ರಂಥಿಗಳು, ಸ್ನಾಯುಗಳು ಬಿಡುವಿಲ್ಲದೆ ಕೆಲಸ ಮಾಡುತ್ತಲೇ ಇರುತ್ತವೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ, ಮಾಂಸಖಂಡಗಳ ಅದುರುವಿಕೆ, ಎದೆ ಬಿಗಿತ ಬರುತ್ತವೆ. ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದರಿಂದ ಕಣ್ಣು ಮಂಜಾಗುತ್ತದೆ. ಬಿಸಿಲು ಹೊಡೆದವರಿಗೆ ಬಾಯಿ ಒಣಗಿರುತ್ತದೆ, ಪಾಪೆ ಹೀಗೆ ಕಿರಿದಾಗುವುದಿಲ್ಲ. ಸಿಂಪರಣೆಯ ಸಂಜೆ ವಾಂತಿಯ ಜೊತೆಗೆ ಕಣ್ಣು ಮಂಜಾದರೆ ಮೊದಲ ಅನುಮಾನ ಔಷಧಿಯ ಮೇಲೇ ಇರಬೇಕು.

ಇನ್ನೂ ಮುಖ್ಯವಾದ ಮಾತಿದೆ. ಕಟ್ಟಿಬಿದ್ದ ಕಿಣ್ವ ಒಂದು ರಾತ್ರಿಯಲ್ಲಿ ಮರಳುವುದಿಲ್ಲ. ಪೂರ್ತಿ ತುಂಬಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರೊಳಗೆ ಮತ್ತೆ ಪಂಪು ಹೊತ್ತರೆ ಮೊದಲಿಗಿಂತ ಕಡಿಮೆ ವಿಷವೂ ಹೆಚ್ಚು ಕೆಡುಕು ಮಾಡುತ್ತದೆ. ಅದಕ್ಕೇ ಅವರು ಈಗ ಸಿಂಪರಣೆಯಿಂದ ದೂರ ಇರಬೇಕು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಮತ್ತೆ ಯಾವಾಗ ಔಷಧಿ ಮುಟ್ಟಬಹುದು ಎಂಬುದನ್ನು ಅವರೇ ಹೇಳಲಿ.

ಇಂಥದ್ದು ಯಾರಿಗಾದರೂ ಮತ್ತೆ ಆದರೆ ಕೆಲಸ ನಿಲ್ಲಿಸಿ, ಗಾಳಿ ಬರುವ ಕಡೆಗೆ ಕರೆತನ್ನಿ, ಬಟ್ಟೆ ಪೂರ್ತಿ ತೆಗೆಸಿ. ಸೋಪು ಹಚ್ಚಿ ಧಾರಾಳ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ತಲೆಗೂದಲು, ಕಂಕುಳು, ಉಗುರುಸಂದು ಬಿಡಬೇಡಿ. ತೊಳೆಯುವವರ ಕೈಗೂ ರಬ್ಬರ್ ಗ್ಲೌಸ್ ಇರಲಿ, ಆ ಬಟ್ಟೆಯ ವಿಷ ಮುಟ್ಟಿದವರ ಮೈಗೂ ಇಳಿಯುತ್ತದೆ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು, ತುಪ್ಪ, ಮಜ್ಜಿಗೆ ಕುಡಿಸುವುದು ಬೇಡವೇ ಬೇಡ. ಬಹಳಷ್ಟು ಔಷಧಿಗಳನ್ನು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿರುತ್ತಾರೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಎಚ್ಚರ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಅಲ್ಲಿ ಸಲಹೆ ಕೇಳಬಹುದು. ಆರ್ಗನೋಫಾಸ್ಫೇಟಿಗೆ ಅಟ್ರೋಪಿನ್ ಎಂಬ ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಜೀವ ಉಳಿಯುತ್ತದೆ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಅದರ ಒಂದು ಗುಟುಕು ಒಳಗೆ ಹೋದವರು ಮೊದಲ ದಿನ ಚೆನ್ನಾಗಿಯೇ ಮಾತನಾಡಿಕೊಂಡಿರಬಹುದು, ಆದರೂ ಒಂದು ಗಳಿಗೆ ಕಾಯದೆ ಆಸ್ಪತ್ರೆ ಸೇರಿಸಬೇಕು.

ಈಗ ಆ ಎರಡು ಬಾಟಲಿಗಳು. ಮೊನೊಕ್ರೊಟೊಫಾಸ್ ತರಕಾರಿಗೆ ಬಳಸಬಾರದೆಂಬ ನಿಷೇಧ ಬಹಳ ವರ್ಷಗಳ ಹಿಂದಿನದು. 2023ರ ಆದೇಶದಲ್ಲಿ ಕೇಂದ್ರ ಸರ್ಕಾರ ಅದರ 36 ಎಸ್‌ಎಲ್ (ನೀರಿನಲ್ಲಿ ಕರಗುವ ದ್ರವ) ರೂಪದ ನೋಂದಣಿಯನ್ನೇ ರದ್ದು ಮಾಡಿ, ಹಳೆಯ ದಾಸ್ತಾನನ್ನು ಅದರ ಅವಧಿ ಮುಗಿಯುವವರೆಗೆ ಮಾತ್ರ ಮಾರಲು ಬಿಟ್ಟಿತು. ಹಾಗಾಗಿ ಈಗ ನಿಮಗೆ ಸಿಕ್ಕಿದ್ದು ಅವಧಿ ಮೀರಿದ ಮಾಲೋ, ಆದೇಶ ಮೀರಿ ತಯಾರಾದದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಎರಡನ್ನೂ ನೋಡಿ.

ನಮ್ಮ ಕಡೆ ಇನ್ನೂ ಬಾಯಲ್ಲಿರುವ ಕೆಲವು ಹೆಸರುಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ಎಂಡೋಸಲ್ಫಾನ್ 2011ರಲ್ಲೇ ಹೋಯಿತು. ಮಿಥೈಲ್ ಪ್ಯಾರಾಥಿಯಾನ್, ಕಾರ್ಬರಿಲ್, ಟ್ರೈಡೆಮಾರ್ಫ್ 2018ರಲ್ಲಿ ಹೋದವು. ಫೋರೇಟ್, ಡೈಕ್ಲೋರ್‌ವಾಸ್, ಟ್ರೈಅಜೋಫಾಸ್, ಫಾಸ್ಫಾಮಿಡಾನ್ 2020ರ ಡಿಸೆಂಬರ್ 31ರಿಂದ ನಿಷೇಧ. ಕೆಲವು ಔಷಧಿಗಳು ಒಟ್ಟಾರೆ ನಿಷೇಧವಾಗಿಲ್ಲ, ಬೆಳೆವಾರು ತೆಗೆದುಹಾಕಿದ್ದಾರೆ. ಮೆಲಾಥಿಯಾನ್ ಇನ್ನೂ ಇದೆ, ಆದರೆ 2023ರ ಆದೇಶದಂತೆ ನಿಮ್ಮ ಟೊಮೆಟೊ, ಬದನೆಗೆ ಇಲ್ಲ. ಡೈಮಿಥೋಯೇಟ್ ಹಸಿಯಾಗಿ ತಿನ್ನುವ ಹಣ್ಣು, ತರಕಾರಿಗೆ ಇಲ್ಲ. ಹಾಗಾಗಿ ‘ಇದು ನಿಷೇಧವಾಗಿದೆಯೇ’ ಎಂದಷ್ಟೇ ಕೇಳಿದರೆ ಸಾಲದು, ‘ನನ್ನ ಬೆಳೆಗೆ ಒಪ್ಪಿಗೆ ಇದೆಯೇ’ ಎಂದು ಕೇಳಬೇಕು. ಉತ್ತರ ಅಂಗಡಿಯವರ ಬಾಯಲ್ಲಿ ಹುಡುಕಬೇಡಿ, ಬಾಟಲಿಯ ಲೇಬಲ್ ಮತ್ತು ಜೊತೆಗೆ ಮಡಚಿಟ್ಟ ಚೀಟಿಯಲ್ಲಿ ನೋಡಿ. ಫರೀದಾಬಾದಿನ ಕೇಂದ್ರೀಯ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿ ಪ್ರತಿ ಔಷಧಿಗೂ ಯಾವ ಬೆಳೆ, ಯಾವ ಕೀಟ, ಎಷ್ಟು ಪ್ರಮಾಣ, ಎಷ್ಟು ನೀರು, ಕೊಯ್ಲಿಗೆ ಎಷ್ಟು ದಿನ ಎಂದು ನಿಗದಿ ಮಾಡುತ್ತದೆ. ಚೀಟಿಯಲ್ಲಿ ಅದೇ ಅಚ್ಚಾಗಿರುತ್ತದೆ.

ಲೇಬಲ್ಲಿನ ಮೇಲೆ ವಜ್ರದಾಕಾರದ ಗುರುತು ಇರುತ್ತದೆ. ಅದರ ಕೆಳಭಾಗದ ಬಣ್ಣ ಕೆಂಪಾದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಕುಡಿಯಬಹುದು ಎಂದಲ್ಲ. ಈ ಬಣ್ಣ ಒಮ್ಮೆಗೆ ಮೈಗೆ ಹೋದರೆ ಆಗುವ ಅಪಾಯದ ಅಳತೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರುವುದರ ಲೆಕ್ಕ ಅದರಲ್ಲಿಲ್ಲ. ‘ಸಿಐಆರ್’ ಎಂದು ಶುರುವಾಗುವ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎರಡೂ ದಿನಾಂಕ, ತಯಾರಕರ ವಿಳಾಸ, ಪ್ರತಿವಿಷದ ಹೆಸರು ಇರಲೇಬೇಕು.

‘ಬಯೋ’ ಬಾಟಲಿಯಲ್ಲಿ ಇವು ಇವೆಯೇ ನೋಡಿ. ನಿಜವಾದ ಜೈವಿಕ ಕೀಟನಾಶಕಗಳೂ 1968ರ ಕೀಟನಾಶಕ ಕಾಯ್ದೆಯಡಿಯೇ ನೋಂದಣಿಯಾಗಬೇಕು. ಅವು ಕೆಲಸ ಮಾಡುವ ರೀತಿಯೇ ನಿಧಾನ. ಬಿಟಿ ಸೂಕ್ಷ್ಮಾಣು ತಿಂದ ಹುಳ ಮೇಯುವುದು ನಿಲ್ಲಿಸಿ ಸಾಯಲು ಎರಡು ಮೂರು ದಿನ ಬೇಕು. ಬ್ಯುವೇರಿಯಾ, ಮೆಟಾರೈಜಿಯಂ ಶಿಲೀಂಧ್ರಗಳಿಗೆ ಅದಕ್ಕಿಂತಲೂ ಹೆಚ್ಚು ದಿನ, ಜೊತೆಗೆ ತೇವವೂ ಬೇಕು. ಒಂದು ತಾಸಿನಲ್ಲಿ ಎಲ್ಲ ಹುಳ ಉದುರಿದರೆ ಒಳಗೆ ಹೆಸರು ಹೇಳದ ರಾಸಾಯನಿಕ ಬೆರೆತಿದೆ ಎಂದೇ ತಿಳಿಯಬೇಕು. ಇದು ಗೊತ್ತಿರುವ ವಿಷಕ್ಕಿಂತ ಹೆಚ್ಚು ಅಪಾಯ. ಹೆಸರು ಗೊತ್ತಿಲ್ಲದ ಮೇಲೆ ಪ್ರಮಾಣ ಗೊತ್ತಿಲ್ಲ, ಕಾಯಬೇಕಾದ ದಿನ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ವೈದ್ಯರು ಯಾವ ವಿಷಕ್ಕೆ ಚಿಕಿತ್ಸೆ ಕೊಡಬೇಕು ಎಂಬುದೂ ಗೊತ್ತಾಗುವುದಿಲ್ಲ. ಬೆಳವಣಿಗೆಯ ‘ಟಾನಿಕ್’ ಎಂದು ಮಾರುವ ಜೈವಿಕ ಉತ್ತೇಜಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದಿವೆ. ಅವನ್ನು ಹುಳ ಕೊಲ್ಲುತ್ತದೆ ಎಂದು ಮಾರುವುದಕ್ಕೆ ಆ ಅನುಮತಿ ಸಾಕಾಗುವುದಿಲ್ಲ.

ಕಾನೂನು ಎಲ್ಲಿಯವರೆಗೆ ನಿಮ್ಮನ್ನು ಕಾಯುತ್ತದೆ ಎಂಬುದು ಸ್ಪಷ್ಟವಾಗಿರಲಿ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಆಹಾರ ಸಾಮಗ್ರಿಗೆ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. ವಿಷವನ್ನೂ ತಿನ್ನುವ ಪದಾರ್ಥವನ್ನೂ ಒಟ್ಟಿಗೆ ಸಾಗಿಸಿದ್ದೇ ಕಾರಣ. ಆ ದುರಂತದ ವಿಚಾರಣೆಯ ಬೆನ್ನಿಗೇ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಬಂದವು. ಇಂದಿಗೂ ಔಷಧಿಯನ್ನು ಆಹಾರ ಪದಾರ್ಥಗಳಿಂದ ದೂರ, ಬೇರೆ ಕೋಣೆಯಲ್ಲಿ ಅಥವಾ ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು ಎಂಬುದು ನಿಯಮ. ಕಿರಾಣಿ ಅಂಗಡಿಯಲ್ಲಿ ಬೇಳೆ ಚೀಲದ ಪಕ್ಕ ಬಾಟಲಿ ಕಂಡರೆ ಅದೇ ಒಂದು ದೂರಿಗೆ ಸಾಕು. ತಯಾರಕರು, ಮಾರಾಟಗಾರರು, ಸಾಗಿಸುವವರು, ದುಡ್ಡು ತೆಗೆದುಕೊಂಡು ಕೀಟ ನಿಯಂತ್ರಣ ಮಾಡುವವರು, ಎಲ್ಲರೂ ಈ ಕಾಯ್ದೆಯೊಳಗೆ ಬರುತ್ತಾರೆ. ಆದರೆ 38ನೇ ಕಲಂ ಪ್ರಕಾರ ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ರೈತ ಬಳಸುವುದು ಕಾಯ್ದೆಯ ಹೊರಗೆ. 2006ರ ಆಹಾರ ಸುರಕ್ಷತೆ ಕಾಯ್ದೆಯೂ 18ನೇ ಕಲಂನಲ್ಲಿ ರೈತರನ್ನು, ಹೊಲದ ಬೆಳೆಯನ್ನು ಹೊರಗಿಟ್ಟಿದೆ. ಅದರ ಹಿಡಿತ ಶುರುವಾಗುವುದು ಮಾರಾಟದ ಕಟ್ಟೆಯಲ್ಲಿ. ಹೀಗೆ ಒಂದು ಕಾನೂನು ಔಷಧಿ ಅಂಗಡಿಯ ಬಾಗಿಲಿಗೆ ಮುಗಿಯುತ್ತದೆ, ಇನ್ನೊಂದು ಮಾರ್ಕೆಟ್ಟಿನಲ್ಲಿ ಶುರುವಾಗುತ್ತದೆ. ನಡುವೆ ಹೊಲದಲ್ಲಿ ನಿಮ್ಮನ್ನೂ ಉಣ್ಣುವವರನ್ನೂ ಕಾಯುವುದು ಆ ಲೇಬಲ್ ಒಂದೇ. ಅದನ್ನು ಪಾಲಿಸದ ರೈತನಿಗೆ ದಂಡ ಹಾಕುವ ಇನ್‌ಸ್ಪೆಕ್ಟರ್ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳಬೇಕಾಗಿದೆ.

ಅಂಗಡಿಯ ಮಟ್ಟದಲ್ಲಿ ನಿಮ್ಮ ಕೈಯಲ್ಲಿರುವ ಆಯುಧ ಬಿಲ್. ಬಿಲ್ ಕೊಡುವುದು ಮಾರಾಟಗಾರರ ಕರ್ತವ್ಯ, ಉಪಕಾರವಲ್ಲ. ಬಿಲ್ಲಿಗೆ ಬೇರೆ ರೇಟು ಎನ್ನುವವರು ಆ ಬ್ಯಾಚಿನ ಜೊತೆ ತಮ್ಮ ಹೆಸರು ಸೇರುವುದನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಔಷಧಿಯ ಹೆಸರು, ಕಂಪನಿ, ಬ್ಯಾಚ್ ಸಂಖ್ಯೆ, ಅವಧಿ, ದರ ಬರೆದು ಸಹಿ ಹಾಕಿದ ಬಿಲ್ ಸಿಗದಿದ್ದರೆ ಆ ಅಂಗಡಿ ಬಿಡಿ. ಪರವಾನಗಿ ಎದುರಿಗೆ ಕಾಣುವಂತೆ ತೂಗುಹಾಕಿರಬೇಕು.

ದೂರನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರಹದಲ್ಲಿ ಕೊಡಿ, ಒಂದು ಪ್ರತಿಯನ್ನು ದಾವಣಗೆರೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಕಳಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲೇಬಲ್ಲಿನ ಫೋಟೋ, ಬ್ಯಾಚ್ ಸಂಖ್ಯೆ, ಕೊಂಡ ದಿನ ಬರೆಯಿರಿ. ಇಲ್ಲಿ ಹಲವರು ಎಡವುತ್ತಾರೆ: ಅರ್ಧ ಖರ್ಚಾದ ಬಾಟಲಿಯನ್ನೇ ಪರೀಕ್ಷೆಗೆ ಕಳಿಸಿ ಎಂದು ಹಟ ಹಿಡಿಯುತ್ತಾರೆ. ತೆರೆದ ಬಾಟಲಿಗೆ ನೀವೇ ಏನೋ ಬೆರೆಸಿದಿರಿ ಎಂದು ಎದುರು ಪಕ್ಷ ವಾದಿಸಿದರೆ ಕೇಸು ನಿಲ್ಲುವುದಿಲ್ಲ. ಕೀಟನಾಶಕ ಪರಿವೀಕ್ಷಕರು ಅಂಗಡಿಯಲ್ಲಿರುವ ಅದೇ ಬ್ಯಾಚಿನ ಮಾಲಿನಿಂದ ಮಾದರಿ ತೆಗೆದು ಮೂರು ಪಾಲು ಮಾಡಿ ಸೀಲ್ ಹಾಕಬೇಕು. ಒಂದು ಮಾರಾಟಗಾರರಿಗೆ, ಒಂದು ಪ್ರಯೋಗಾಲಯದ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ. ವರದಿ 30 ದಿನದೊಳಗೆ ಬರಬೇಕು, ಅದನ್ನು ಒಪ್ಪದವರು 28 ದಿನದೊಳಗೆ ತಕರಾರು ಹೇಳಬೇಕು. ಆದ್ದರಿಂದ ಆ ಬ್ಯಾಚ್ ಖಾಲಿಯಾಗುವ ಮೊದಲೇ ಹೋಗಿ. ಬೆಳೆ ಸುಟ್ಟು ನಷ್ಟವಾಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಕಾಶ ಇದೆ, ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ಮೆಕ್ಕೆಜೋಳಕ್ಕೆ ಬರೋಣ. ಎರಡು ಔಷಧಿ ಕೂಡಿಸುವುದನ್ನು, ಲೇಬಲ್ಲಿನಲ್ಲಿ ಹೇಳಿರದಿದ್ದರೆ, ಪೂರ್ತಿ ಬಿಡಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಿದ ರೈತರು, ಕೂಲಿಯವರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಆಳೆತ್ತರದ ಬೆಳೆ, ಬೆರಕೆ ಔಷಧಿ, ಬರಿಮೈ, ಈ ಮೂರೂ ಅಲ್ಲಿ ಸೇರಿದ್ದವು. ಎದೆಮಟ್ಟ ಮೀರಿದ ಮೆಕ್ಕೆಜೋಳದೊಳಗೆ ನಡೆದರೆ ಸಿಂಪಡಿಸಿದ್ದು ಗರಿಯಿಂದ ನೇರ ಮುಖ, ಕುತ್ತಿಗೆಗೆ ಬರುತ್ತದೆ. ಮೆಕ್ಕೆಜೋಳ ತಿನ್ನುವ ಸೈನಿಕ ಹುಳ ಇರುವುದು ಸುಳಿಯೊಳಗೆ. ಬೆಳೆ ಮೊಣಕಾಲು ಮಟ್ಟದಲ್ಲಿರುವಾಗಲೇ, ಹುಳ ಸಣ್ಣದಿರುವಾಗಲೇ, ನಾಜಲ್ ಸುಳಿಗೆ ಹಿಡಿದು ಹೊಡೆಯಬೇಕು. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ ಎಂದರೆ 16 ಲೀಟರಿನ ಕ್ಯಾನಿಗೆ 6.4 ಗ್ರಾಂ, ಎಕರೆಗೆ 200 ಲೀಟರ್ ನೀರಿಗೆ 80 ಗ್ರಾಂ. ಮುಚ್ಚಳದಲ್ಲಿ ಅಳೆಯಬೇಡಿ, ಒಂದು ಕಂಪನಿಯ ಮುಚ್ಚಳದಂತೆ ಇನ್ನೊಂದರದು ಇರುವುದಿಲ್ಲ. ಅಳತೆಯ ಲೋಟ, ಸಣ್ಣ ತೂಕದ ಯಂತ್ರ ಇಟ್ಟುಕೊಳ್ಳಿ. ಚೀಟಿಯಲ್ಲಿ ಪ್ರಮಾಣ ಹೆಕ್ಟೇರಿಗೆ ಬರೆದಿರುತ್ತದೆ, 2.5ರಿಂದ ಭಾಗಿಸಿದರೆ ಎಕರೆಗೆ ಸಿಗುತ್ತದೆ. ಅದನ್ನೇ ಎಕರೆಗೆ ಎಂದು ಓದಿ ಎರಡೂವರೆ ಪಟ್ಟು ಸುರಿಯುವುದು ಸಾಮಾನ್ಯ ತಪ್ಪು.

ಹುಳ ಬಲಿತ ಮೇಲೆ ಸಿಂಪರಣೆಗಿಂತ ವಿಷದ ಪಾಷಾಣ, ಅಂದರೆ ಹುಳ ತಿಂದು ಸಾಯುವಂತೆ ವಿಷ ಬೆರೆಸಿದ ತಿನಿಸು, ಮೇಲು. ಎಕರೆಗೆ 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, 2–3 ಲೀಟರ್ ನೀರು ಕಲಸಿ 24 ತಾಸು ಹುಳಿಯಲು ಬಿಡಿ. ಹಾಕುವ ಅರ್ಧ ತಾಸು ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆ ಚಿಟಿಕೆಯಷ್ಟನ್ನು ಸುಳಿಗೆ ಹಾಕಿ. ಗಾಳಿಗೆ ತೇಲುವ ಹನಿ ಇಲ್ಲಿಲ್ಲ, ಆದರೆ ಥಯೋಡಿಕಾರ್ಬ್ ಕೂಡ ನರವಿಷವೇ. ಗ್ಲೌಸ್ ಇಲ್ಲದೆ ಕಲಸಬೇಡಿ, ಕೋಳಿ, ದನಗಳನ್ನು ಬಿಡಬೇಡಿ, ಆ ಹೊಲದ ಮೇವನ್ನು ಎಳೆಯದಾಗಿರುವಾಗ ಕೊಯ್ದು ಹಾಕಬೇಡಿ.

ಮೈಮೇಲೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ಮೇಲೆ ಪ್ಲಾಸ್ಟಿಕ್ ಏಪ್ರನ್, ಕನ್ನಡಕ, ಗಮ್ ಬೂಟು, ನೈಟ್ರೈಲ್ ಅಥವಾ ರಬ್ಬರ್ ಗ್ಲೌಸ್ ಇರಲಿ. ಮೂಗಿಗೆ ಕಟ್ಟುವ ಟವೆಲ್ ಹನಿ ಹೀರಿಕೊಂಡು ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ಮೈಗೆ ಹೆಚ್ಚು ಅಪಾಯ ಇರುವುದು ಕಲಸುವಾಗ, ಏಕೆಂದರೆ ಆಗ ಔಷಧಿ ನೀರು ಸೇರದ ಸ್ಥಿತಿಯಲ್ಲಿರುತ್ತದೆ. ಬರಿಗೈ, ಬೇವಿನ ಕೋಲು ಎರಡೂ ಬೇಡ, ಉದ್ದ ಹಿಡಿಯ ಕೋಲು ಅದಕ್ಕೇ ಮೀಸಲಿರಲಿ. ಸೋರುವ ಪಂಪು ಬೆನ್ನು ತೋಯಿಸುತ್ತದೆ, ವಾಷರ್ ಬದಲಿಸದೆ ಹೊರಬೇಡಿ. ನಾಜಲ್ ಕಟ್ಟಿದರೆ ಬಾಯಿಂದ ಊದುವ ಅಭ್ಯಾಸ ಇದ್ದರೆ ಇಂದೇ ಬಿಡಿಸಿ. ಹೊಡೆದ ಹೊಲಕ್ಕೆ ಕಳೆ ಕೀಳುವ ಹೆಣ್ಣುಮಕ್ಕಳನ್ನು ಕನಿಷ್ಠ 24 ತಾಸು ಕಳಿಸಬೇಡಿ. ಲೇಬಲ್ ಹೆಚ್ಚು ಹೇಳಿದ್ದರೆ ಅಷ್ಟು.

ಕೀಳುವ ದಿನಗಳ ಪ್ರಶ್ನೆಗೆ ಒಂದೇ ಉತ್ತರ ಇಲ್ಲ, ಒಂದೇ ಔಷಧಿಗೂ ಇಲ್ಲ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಹೊಡೆದರೆ ಟೊಮೆಟೊಗೆ 3 ದಿನ ಕಾದರೆ ಸಾಕು, ಬದನೆಗೆ 22 ದಿನ ಕಾಯಬೇಕು. ಬದನೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕೀಳುವವರು ಮೂರು ವಾರ ಕಾಯುವುದು ಆಗದ ಮಾತು. ಹಾಗಾಗಿ ಆ ಔಷಧಿ ಕಾಯಿ ಶುರುವಾಗುವ ಮೊದಲಿನ ಹಂತಕ್ಕೆ ಮಾತ್ರ ಸರಿ. ಕೊಯ್ಲು ನಡೆಯುವಾಗ ಎಮಾಮೆಕ್ಟಿನ್ ಬೆಂಜೊಯೇಟ್‌ನಂಥ, ಬದನೆಗೆ 3 ದಿನ ಸಾಕಾಗುವ ಔಷಧಿ ಆರಿಸಿ, ಕಿತ್ತ ಸಂಜೆಯೇ ಹೊಡೆಯಿರಿ. ಮುಂದಿನ ಕೀಳುವಿಕೆಗೆ ದಿನ ತುಂಬಿರುತ್ತದೆ. ಔಷಧಿಯನ್ನು ಕೀಳುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೊಳ್ಳಬೇಕು. ಕುಡಿ ಕೊರಕ ಹೊಕ್ಕು ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಿ ನಾಶ ಮಾಡಿದರೆ ಎಷ್ಟೋ ಸಿಂಪರಣೆ ತಪ್ಪುತ್ತದೆ.

ಮಾರ್ಕೆಟ್ಟಿಗೆ ಹೋದ ತರಕಾರಿಗೆ ಔಷಧಿವಾರು, ಬೆಳೆವಾರು ಶೇಷದ (ಉಳಿದುಕೊಂಡ ಔಷಧಿಯ) ಮಿತಿ ಇದೆ. ಮಿತಿ ನಿಗದಿಯಾಗದ ಕಡೆ ತರಕಾರಿಗೆ ಸಾಮಾನ್ಯವಾಗಿ ಕೆ.ಜಿ.ಗೆ 0.01 ಮಿಲಿಗ್ರಾಂ, ಅಂದರೆ ನೂರು ಟನ್ನಿಗೆ ಒಂದು ಗ್ರಾಂ. ಒಪ್ಪಿಗೆ ಇಲ್ಲದ ಔಷಧಿ ಬದನೆಗೆ ಹೊಡೆದರೆ ಈ ಮಿತಿ ದಾಟುವುದು ಬಹಳ ಸುಲಭ. ಕೊಳ್ಳುವವರೂ ಕೈಕಟ್ಟಿ ಕೂರಬೇಕಿಲ್ಲ. ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿ, ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾನೂನು ಮೀರಿದ್ದು ಕಂಡರೆ ಶುಲ್ಕ ವಾಪಸ್ ಸಿಗುತ್ತದೆ.

ತೊಳೆದರೆ ಹೋಗುತ್ತದೆಯೇ? ಸಿಪ್ಪೆಯ ಮೇಲೆ ಕೂತ ಔಷಧಿ, ಧೂಳು ಬಹಳಷ್ಟು ಹೋಗುತ್ತದೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ, ಬಳಿಕ ಲೀಟರಿಗೆ 20 ಗ್ರಾಂ ಉಪ್ಪು ಅಥವಾ ಹುಣಸೆಹಣ್ಣು ಕರಗಿಸಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಮತ್ತೆ ಎರಡು ನೀರಿನಲ್ಲಿ ತೊಳೆಯಿರಿ. ತೊಟ್ಟಿನ ಬುಡ ತೆಗೆದುಹಾಕಿ, ಅಲ್ಲಿ ಹನಿ ನಿಲ್ಲುತ್ತದೆ. ಬಟ್ಟೆ, ಪಾತ್ರೆ ತೊಳೆಯುವ ಸೋಪು ಬೇಡ. ಇಮಿಡಾಕ್ಲೋಪ್ರಿಡ್, ಡೈಮಿಥೋಯೇಟ್‌ನಂಥ ಅಂತರ್ವ್ಯಾಪಿ ಔಷಧಿ ಗಿಡದ ರಸದೊಳಗೆ ಸೇರಿರುತ್ತದೆ, ಅದನ್ನು ಯಾವ ನೀರೂ ತೆಗೆಯುವುದಿಲ್ಲ. ಅದಕ್ಕೆ ಕಾಯುವ ದಿನವೇ ಮದ್ದು.

ಮನೆಯಲ್ಲಿ ಉಳಿದ ಆ ಎರಡು ಬಾಟಲಿಗಳನ್ನು ಚರಂಡಿಗೆ, ಹಳ್ಳಕ್ಕೆ, ಬೋರ್‌ವೆಲ್ ಪಕ್ಕ ಸುರಿಯಬೇಡಿ, ನೀರಿನ ಬಾಟಲಿಗೆ ಬಗ್ಗಿಸಿಡಬೇಡಿ. ಲೇಬಲ್ ಸಮೇತ ಬಿಗಿಯಾಗಿ ಮುಚ್ಚಿ, ದೂರಿನ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ, ವಿಲೇವಾರಿ ಹೇಗೆಂದು ಅವರಿಂದಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ಬೀಗದಲ್ಲಿರಲಿ, ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. ಮಕ್ಕಳ ಕೈಗೆ ಸಿಗದಿರಲಿ ಎಂಬುದಕ್ಕಷ್ಟೇ ಅಲ್ಲ, ಮನಸ್ಸು ಕೆಟ್ಟ ಒಂದು ಗಳಿಗೆಯಲ್ಲಿ ದೊಡ್ಡವರ ಕೈಗೂ ಸಿಗದಿರಲಿ ಎಂದು. ಘೋರ ವಿಷಗಳನ್ನು ಮಾರುಕಟ್ಟೆಯಿಂದ ತೆಗೆದ ಮೇಲೆ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಸಾವುಗಳೇ ಬಹಳ ಇಳಿದವು. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಬಳಸಿ ಮುಗಿದ ಬಾಟಲಿಯಾದರೆ ಕಾಲುಭಾಗ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪರಣೆಯ ಕ್ಯಾನಿಗೇ ಸುರಿಯಿರಿ. ಹೀಗೆ ಮೂರು ಸಲ ಮಾಡಿ ತಳಕ್ಕೆ ತೂತು ಹೊಡೆಯಿರಿ, ಎಣ್ಣೆ, ಸೀಮೆಎಣ್ಣೆ ತುಂಬಲು ಯಾರೂ ಒಯ್ಯದಂತೆ.